ಡ್ರಮ್ಮರ್ ಇಲ್ಲದ ತಂಡ, ಒಂದೇ ಒಂದು ಆಲ್ಬಂ: ಯಂಗ್ ಮಾರ್ಬಲ್ ಜೈಂಟ್ಸ್ ಕೇಳಿದವರು ನಮ್ಮ ಕಡೆ ಇದ್ದೀರಾ?

ಪ್ಯಾಡ್_ಹಾಸನ:

ನಾನು ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ 19 ವರ್ಷದಿಂದ ರಿದಂ ಪ್ಯಾಡ್ ನುಡಿಸುತ್ತಿದ್ದೇನೆ. ಗಣಪತಿ, ರಾಜ್ಯೋತ್ಸವ, ಜಾತ್ರೆ, ಮದುವೆ ರಿಸೆಪ್ಷನ್, ಎಲ್ಲಾ ಕಡೆ ಹೋಗುತ್ತೇವೆ. ಯಾವ ಹಾಡು ಕೇಳಿದರೂ ನನ್ನ ಕಿವಿ ಮೊದಲು ಬೀಟ್ ಹಿಡಿಯುತ್ತೆ. ಆಮೇಲೆ ಉಳಿದದ್ದು.

ಹೋದ ವರ್ಷ ಗಣಪತಿ ಸೀಸನ್. ಅರಕಲಗೂಡಿನ ಕಡೆ ಕಾರ್ಯಕ್ರಮ ಮುಗಿಸಿ ವಾಪಸ್ ಬರುತ್ತಿದ್ದೆವು. ರಾತ್ರಿ ಎರಡು ಗಂಟೆ ಇರಬೇಕು. ಸ್ಪೀಕರ್ ಪಕ್ಕ ಐದು ಗಂಟೆ ಕೂತು ಕಿವಿ ಗುಂಯ್ ಅನ್ನುತ್ತಿತ್ತು. ಟೆಂಪೋದಲ್ಲಿ ಪಕ್ಕ ಕೂತಿದ್ದ ಕೀಬೋರ್ಡ್ ಹುಡುಗ ಇಯರ್‌ಫೋನಿನ ಒಂದು ತುದಿ ನನ್ನ ಕೈಗೆ ಕೊಟ್ಟ. "ಅಣ್ಣ, ಇದನ್ನ ಕೇಳಿ. ಸದ್ದೇ ಇಲ್ಲ" ಅಂದ.

ಅದು 'ಕೊಲೋಸಲ್ ಯೂತ್'. 1980ರ ಆಲ್ಬಂ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ಊರಿನ ಮೂರು ಜನ. ಸ್ಟುವರ್ಟ್ ಮಾಕ್ಸಮ್, ಫಿಲಿಪ್ ಮಾಕ್ಸಮ್ ಅಣ್ಣ ತಮ್ಮ. ಹಾಡುವುದು ಆಲಿಸನ್ ಸ್ಟಾಟನ್. ಡ್ರಮ್ಮರ್ ಇಲ್ಲ, ಬೀಟ್ ಕೊಡುವುದು ಒಂದು ಡ್ರಮ್ ಮೆಷಿನ್.

ಹೆಂಚಿನ ಮನೆಯಲ್ಲಿ ಮಳೆ ನಿಂತ ಮೇಲೆ ಸೂರಿನಿಂದ ಬಕೆಟ್ಟಿಗೆ ಹನಿ ಬೀಳುತ್ತಲ್ಲ, ಆ ಥರ ಒಂದು ಟಿಕ್. ಜೊತೆಗೆ ಟೈರಿನ ಗಾಳಿ ಬಿಟ್ಟ ಹಾಗೆ ಒಂದು ಚಿಸ್. ಅಷ್ಟೇ. ಎದೆಗೆ ಗುದ್ದುವುದು ಏನೂ ಇಲ್ಲ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಜಾಗದಲ್ಲಿ ನಾವು ಒಂದು ರೋಲ್, ಅಂದರೆ ಸರಸರನೆ ಏಟುಗಳ ಒಂದು ಸಾಲು, ಹೊಡೆಯದೆ ಬಿಡಲ್ಲ. ಕೈ ತಾನಾಗೇ ಹೋಗುತ್ತೆ. ಈ ಮೆಷಿನ್ ಮಾತ್ರ ಹೊರಟ ಹಾಗೇ ಕೊನೆವರೆಗೆ ನಡೆಯುತ್ತೆ. ರೋಲ್ ಬರಬೇಕಾದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಬಾಸ್ ಗಿಟಾರ್ ಬಂದು ಕೂರುತ್ತೆ. ಕೂತು ರಾಗ ಹಾಡುತ್ತೆ. ಸ್ಟುವರ್ಟ್ ಇನ್ನೊಂದು ಗಿಟಾರಿನಲ್ಲಿ ಅಂಗೈಯನ್ನು ತಂತಿ ಮೇಲೆ ಒತ್ತಿಟ್ಟು ಮೀಟುತ್ತಾರೆ. ನಾದ ಉಳಿಯಲ್ಲ, ಏಟು ಮಾತ್ರ ಉಳಿಯುತ್ತೆ. ತಾಳದ ಅರ್ಧ ಕೆಲಸ ಗಿಟಾರೇ ಮಾಡುತ್ತೆ ಅಂತ ನನಗೆ ನಾಲ್ಕನೇ ಸಲ ಕೇಳುವಾಗ ಗೊತ್ತಾಯಿತು. ಇನ್ನು ಆಲಿಸನ್ ದನಿ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅನ್ನುವ ಹಾಗೆ ಹಾಡುತ್ತಾರೆ.

ಹಾಸನ ಬಸ್ ಸ್ಟ್ಯಾಂಡ್ ಹತ್ತಿರ ಇಳಿಯುವವರೆಗೂ ನಾನು ಮಾತಾಡಲಿಲ್ಲ. ಮನೆಗೆ ಹೋಗಿ ಪೂರ್ತಿ ಮತ್ತೆ ಕೇಳಿದೆ. ಅವತ್ತಿನಿಂದ ವಾರಕ್ಕೆ ಎರಡು ಮೂರು ಸಲ ಕೇಳುತ್ತೇನೆ. ಇಷ್ಟು ಒಳ್ಳೆ ತಂಡದ ಬಗ್ಗೆ ನಮ್ಮ ಸಂಗೀತದ ಗೆಳೆಯರಲ್ಲಿ ಒಬ್ಬರೂ ಕೇಳಿಲ್ಲ ಅನ್ನುವುದು ನನಗೆ ನಿಜವಾಗಲೂ ಬೇಜಾರು.

ಇನ್ನೇನು ಕೇಳಬೇಕು ಹೇಳಿ. ಮತ್ತೆ, ಸ್ಟೇಜ್ ಮೇಲೆ ಈ ಬೀಟ್ ಹೇಗೆ ಕೊಡುತ್ತಿದ್ದರು? ಪ್ಯಾಡ್ ನುಡಿಸುವವನಿಗೆ ಅದು ಗೊತ್ತಾಗಲೇಬೇಕು.

ಕೊಪ್ಪದ_ರೆಕಾರ್ಡು:

ಅಣ್ಣ, ಈ ತಂಡದ ಹೆಸರನ್ನು ಕನ್ನಡದಲ್ಲಿ ಬರೆದದ್ದು ನೋಡಿ ಖುಷಿಯಾಯಿತು.

ಸ್ಟೇಜ್ ವಿಷಯ ಮೊದಲು ಹೇಳುತ್ತೇನೆ. ಮಾಕ್ಸಮ್ ಅಣ್ಣ ತಮ್ಮಂದಿರ ಕಸಿನ್ ಒಬ್ಬರಿದ್ದರು, ಪೀಟರ್ ಜಾಯ್ಸ್. ಟೆಲಿಫೋನ್ ಎಂಜಿನಿಯರ್. ಡ್ರಮ್ ಮೆಷಿನನ್ನು ಮನೆಯಲ್ಲೇ ಮಾಡಿದವರು ಅವರು. ಅದರ ಬೀಟನ್ನು ಟೇಪಿಗೆ ರೆಕಾರ್ಡ್ ಮಾಡಿಕೊಂಡು, ಸ್ಟೇಜ್ ಮೇಲೆ ಆ ಟೇಪನ್ನೇ ಹಾಕುತ್ತಿದ್ದರು. 1980ರಲ್ಲಿ ನ್ಯೂಯಾರ್ಕಿನ ಹರ್ರಾ ಕ್ಲಬ್ಬಿನಲ್ಲಿ ನುಡಿಸಿದ್ದರ ವಿಡಿಯೋ ಇದೆ. ಹುಡುಕಿ ನೋಡಿ. ಮೂರೇ ಜನ, ಮಿಕ್ಕದ್ದೆಲ್ಲ ಖಾಲಿ ಸ್ಟೇಜ್.

ತಂಡ ಕಟ್ಟಿದ್ದು 1978ರಲ್ಲಿ. ಕಾರ್ಡಿಫ್ ತಂಡಗಳೆಲ್ಲ ಸೇರಿ 1979ರಲ್ಲಿ ತಂದ ಒಂದು ಸಂಕಲನದಲ್ಲಿ ಇವರ ಹಾಡು ಬಂತು. ಅದನ್ನು ಕೇಳಿ ಲಂಡನ್ನಿನ ರಫ್ ಟ್ರೇಡ್ ರೆಕಾರ್ಡ್ ಕಂಪನಿ ಕರೆಯಿತು. ಆಲ್ಬಮ್ಮಿನ 15 ಹಾಡುಗಳನ್ನು ವೇಲ್ಸಿನ ಫೋಯಲ್ ಸ್ಟುಡಿಯೋದಲ್ಲಿ ಐದು ದಿನದಲ್ಲಿ ಮುಗಿಸಿದರು. ಎಲ್ಲ ಕೂಡಿಸಿದರೂ ನಲವತ್ತು ನಿಮಿಷ ಆಗಲ್ಲ.

ನೀವು ಮುಂದೆ ಕೇಳಬೇಕಾದದ್ದು 'ಟೆಸ್ಟ್‌ಕಾರ್ಡ್'. 1981ರಲ್ಲಿ ಬಂತು, ಆರು ತುಣುಕು, ಹಾಡುಗಾರಿಕೆ ಇಲ್ಲ. ಆಗ ಬ್ರಿಟನ್ನಿನಲ್ಲಿ ಟಿವಿ ಕಾರ್ಯಕ್ರಮ ಇಲ್ಲದ ಹೊತ್ತಿನಲ್ಲಿ ಪರದೆ ಮೇಲೆ ಒಂದು ಚಿತ್ರ ನಿಲ್ಲಿಸಿ ಹಿಂದೆ ಸಂಗೀತ ಹಾಕುತ್ತಿದ್ದರು. ಅದರ ನೆನಪಿಗೆ ಮಾಡಿದ್ದು. ನಮಗೂ ದೂರದರ್ಶನದಲ್ಲಿ ಬಣ್ಣದ ಪಟ್ಟಿ ಬರುತ್ತಿತ್ತಲ್ಲ, ಕಾರ್ಯಕ್ರಮ ಶುರುವಾಗಲಿ ಅಂತ ಅದನ್ನೇ ನೋಡುತ್ತ ಕೂರುತ್ತಿದ್ದೆವು. ಅದು ನೆನಪಿರುವವರಿಗೆ ಇದು ಬೇಗ ಹಿಡಿಸುತ್ತೆ.

ತಂಡ ಒಡೆದ ಮೇಲೆ ಆಲಿಸನ್ 'ವೀಕೆಂಡ್' ಅನ್ನುವ ತಂಡದಲ್ಲಿ ಹಾಡಿದರು. ಅವರ 1982ರ 'ಲಾ ವಾರಿಯೆತೆ' ಆಲ್ಬಮ್ಮಿನಲ್ಲಿ ಜಾಜ್ ಜಾಸ್ತಿ, ಬಿಸಿಲು ಜಾಸ್ತಿ. ಸ್ಟುವರ್ಟ್ 'ದ ಜಿಸ್ಟ್' ಅಂತ ಶುರು ಮಾಡಿದರು. ಎರಡೂ ಚೆನ್ನಾಗಿವೆ. ಆದರೆ ಮೂರು ಜನ ಕೂಡಿದಾಗ ಇದ್ದದ್ದು ಅಲ್ಲಿ ಸಿಗಲ್ಲ.

ಮೂಡಿಗೆರೆ_ಬಾಸ್:

ನಾನು ಇವರ ಹತ್ತಿರ ಬಂದದ್ದು ಅಮೆರಿಕದ ರಾಕ್ ತಂಡ 'ನಿರ್ವಾಣ'ದ ದಾರಿಯಿಂದ. ಅದರ ಗಾಯಕ ಕರ್ಟ್ ಕೋಬೇನ್ ತನಗೆ ಇಷ್ಟವಾದ 50 ಆಲ್ಬಂಗಳ ಪಟ್ಟಿ ಕೈಯಲ್ಲೇ ಬರೆದಿದ್ದರು. ಅದರಲ್ಲಿ ಇದೂ ಇದೆ. ಕೋಬೇನ್ ಹೆಂಡತಿ ಕೋರ್ಟ್ನಿ ಲವ್ ಅವರ ತಂಡ 'ಹೋಲ್' ಕೂಡ 1994ರಲ್ಲಿ ಇದೇ ಆಲ್ಬಮ್ಮಿನ ಒಂದು ಹಾಡನ್ನು ಜೋರಾಗಿ ಹಾಡಿದೆ. ನನಗೆ ಮೂಲವೇ ಹೆಚ್ಚು ಇಷ್ಟ.

ಪ್ಯಾಡ್ ಅಣ್ಣ, 'ಫೈನಲ್ ಡೇ' ಕೇಳಿದ್ದೀರಾ? ಆಲ್ಬಮ್ಮಿನಲ್ಲಿ ಇಲ್ಲ, 1980ರಲ್ಲೇ ಬೇರೆ ಬಂತು. ಎರಡು ನಿಮಿಷವೂ ಇಲ್ಲ. ಅಣುಬಾಂಬು ಬಿದ್ದು ಲೋಕ ಮುಗಿಯುವ ದಿನದ ಹಾಡು. ಹಿಂದೆ ಒಂದು ಸಣ್ಣ ಕೀರಲು ಸ್ವರ ಮೊದಲಿಂದ ಕೊನೆವರೆಗೆ ನಿಂತೇ ಇರುತ್ತೆ. ಆಲಿಸನ್ ದನಿ ಒಂದು ಕೂದಲಷ್ಟೂ ಏರಲ್ಲ. ನಮ್ಮ ತೋಟದ ಮನೆಯಲ್ಲಿ ಜುಲೈ ತಿಂಗಳು, ಮೂರು ದಿನದಿಂದ ಕರೆಂಟ್ ಇರಲಿಲ್ಲ, ಫೋನಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಅದನ್ನು ಕೇಳಿದೆ. ಮುಗಿದ ಮೇಲೆ ಎದ್ದು ಹೋಗಿ ಅಮ್ಮನ ಪಕ್ಕ ಕೂತೆ.

ಬಿಎಂ_ರಸ್ತೆ:

ನಿಮ್ಮ ಮಾತು ಕೇಳಿ ಹಾಕಿದೆ. ಆರು ಹಾಡು ಆದ ಮೇಲೆ ನಿಲ್ಲಿಸಿದೆ. ತಪ್ಪು ತಿಳಿಯಬೇಡಿ. ಪಂಕ್ ಅಂದರೆ ಸಿಟ್ಟಿನ, ಗದ್ದಲದ ರಾಕ್. ಇದು ಅದರ ಬೆನ್ನಿಗೇ ಬಂದ ಸಂಗೀತ ಅಂದರೆ ಸಿಟ್ಟು ಎಲ್ಲಿ? ಎಲ್ಲಾ ಹಾಡೂ ಅರ್ಧ ಕಟ್ಟಿ ಬಿಟ್ಟ ಮನೆ ಥರ ಅನಿಸಿತು.

ಪ್ಯಾಡ್_ಹಾಸನ:

ತಪ್ಪೇನಿಲ್ಲ ಸರ್. ಒಂದು ವಿಷಯ ಹೇಳುತ್ತೇನೆ, ಆಮೇಲೆ ಇನ್ನೊಂದು ಸಲ ಕೇಳಿ ನೋಡಿ.

ಈ ಫೆಬ್ರವರಿಯಲ್ಲಿ ಚಿಕ್ಕಮಗಳೂರಲ್ಲಿ ಒಂದು ರಿಸೆಪ್ಷನ್ ಇತ್ತು. ನಮ್ಮ ಗಾಯಕಿ ನಿಧಾನದ ಒಂದು ಹಳೇ ಹಾಡು ಎತ್ತಿಕೊಂಡರು. ಚರಣಕ್ಕೆ ಹೋಗುವ ಜಾಗ ಬಂತು. ನನ್ನ ಕಡ್ಡಿ ಮೇಲಕ್ಕೆ ಹೋಗಿತ್ತು. ಇಳಿಸಲಿಲ್ಲ. ಬೀಟ್ ಬಿಡಲಿಲ್ಲ, ರೋಲ್ ಮಾತ್ರ ಬಿಟ್ಟೆ. ಗಾಯಕಿ ಒಂದು ಕ್ಷಣ ತಿರುಗಿ ನನ್ನ ಮುಖ ನೋಡಿದರು. ಕೀಬೋರ್ಡ್ ಹುಡುಗನಿಗೆ ಗೊತ್ತಾಯಿತು, ಅವನೂ ಎರಡು ಸ್ವರ ಇಟ್ಟು ಸುಮ್ನೆ ಆದ. ಎರಡನೇ ಚರಣಕ್ಕೂ ಹಾಗೇ ಮಾಡಿದೆ. ಊಟಕ್ಕೆ ಕೂತಾಗ ಗಾಯಕಿ ಎಲೆ ಮುಂದೆ ಹೇಳಿದರು: "ಇವತ್ತು ಉಸಿರು ತಗೊಳ್ಳೋಕೆ ಜಾಗ ಸಿಕ್ತು." ಅವರ ಜೊತೆ ಹನ್ನೊಂದು ವರ್ಷದಿಂದ ನುಡಿಸುತ್ತಿದ್ದೇನೆ. ಈ ಮಾತು ಮೊದಲನೇ ಸಲ.

ಅರ್ಧ ಕಟ್ಟಿದ್ದು ಅಂದಿರಿ. ನನಗೆ ಅದು ಬೇಕು ಅಂತಲೇ ಬಿಟ್ಟ ಜಾಗ ಅನಿಸುತ್ತೆ. ಸುತ್ತ ಎಲ್ಲರೂ ಆಂಪ್ಲಿಫೈಯರ್ ಏರಿಸುತ್ತಿದ್ದ ಕಾಲದಲ್ಲಿ ಮೂರು ಎಳೆಯರು ಸ್ಟೇಜ್ ಹತ್ತಿ ಇಷ್ಟು ಮೆತ್ತಗೆ ನುಡಿಸಿದರು. ಅದಕ್ಕೆ ಸಿಟ್ಟಿಗಿಂತ ಜಾಸ್ತಿ ಧೈರ್ಯ ಬೇಕು. ಅಲ್ವಾ?

ಕೊಪ್ಪದ ಸರ್, ಹರ್ರಾ ವಿಡಿಯೋ ರಾತ್ರಿಯೇ ನೋಡಿದೆ. ಟೇಪ್ ಅಂದರೆ ಅದು ಯಾರಿಗೂ ಕಾಯಲ್ಲ. ಹಾಡುವವರು ಒಂದು ಸಾಲು ಎಳೆದರೆ ನಾನು ಹಿಂದೆ ಹೋಗಿ ಸರಿ ಮಾಡಬಲ್ಲೆ, ಟೇಪ್ ಮಾಡಲ್ಲ. ಹಾಗಾಗಿ ಆ ಮೂವರೂ ಎಷ್ಟು ಎಚ್ಚರವಾಗಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ ನೋಡಿ. ನನ್ನ ಟಿಕ್ ಟಿಕ್ ಅನ್ನು ಕ್ಯಾಸೆಟ್ಟಿಗೆ ಹಾಕಿ ನಮ್ಮ ಹುಡುಗರ ಜೊತೆ ಒಂದು ಸಲ ಪ್ರಯತ್ನ ಮಾಡಬೇಕು ಅಂತಿದೆ. ರೆಕಾರ್ಡ್ ಆಗುವ ಡೆಕ್ ಎಲ್ಲೂ ಸಿಗುತ್ತಿಲ್ಲ.

ಸಕಲೇಶಪುರ_ಘಾಟಿ:

ನನ್ನ ಹತ್ತಿರ ಇದೆ. ಅಪ್ಪನದು, ಎರಡು ಕ್ಯಾಸೆಟ್ಟಿನದು. ರೆಕಾರ್ಡ್ ಬಟನ್ ಕೆಲಸ ಮಾಡುತ್ತೆ, ಬೆಲ್ಟ್ ಸಡಿಲ ಆಗಿದೆ, ಹಾಡು ಎಳೆದ ಹಾಗೆ ಬರುತ್ತೆ. ಭಾನುವಾರ ಹಾಸನಕ್ಕೆ ಬರುವುದಿದೆ.

ಪ್ಯಾಡ್_ಹಾಸನ:

ತನ್ನಿ ಸರ್, ಬೆಲ್ಟ್ ನಾನು ಹಾಕಿಸುತ್ತೇನೆ. ಮಹಾರಾಜ ಪಾರ್ಕ್ ಹತ್ತಿರ ಬಂದು ಇಲ್ಲೇ ಒಂದು ಸಾಲು ಬರೆಯಿರಿ, ಗಾಡಿ ತರುತ್ತೇನೆ. ಮೂಡಿಗೆರೆ ತಂಗಿ, ಬಾಸ್ ಎತ್ತಿಕೊಂಡು ನೀವೂ ಬನ್ನಿ.