ಸಹಾಯ ಬೇಕು: ಫ್ರೆಂಚ್ ಟೋಸ್ಟ್ ಕ್ಯಾಸರೋಲ್‌ನ ನಡುಭಾಗ ಬೇಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಒಹಾಯೋದ ನಮ್ಮ ಮನೆಗೆ ಈ ಭಾನುವಾರ ಬ್ರಂಚ್‌ಗೆ ಬರುವ ಹತ್ತು ಮಂದಿಗೆ ಓವನ್‌ನಲ್ಲಿ ಬೇಯಿಸುವ ಫ್ರೆಂಚ್ ಟೋಸ್ಟ್ ಕ್ಯಾಸರೋಲ್ (ಹಾಲು-ಮೊಟ್ಟೆಯಲ್ಲಿ ನೆನೆಸಿದ ಬ್ರೆಡ್ಡಿನ ಸಿಹಿ ತಿಂಡಿ) ಮಾಡಬೇಕೆಂದಿದ್ದೇನೆ. ಕಳೆದ ಸಲ 9×13 ಇಂಚಿನ ಗಾಜಿನ ಪಾತ್ರೆಯಲ್ಲಿ ಅಂದೇ ತಂದ ಮೆತ್ತನೆಯ ಬ್ರಿಯೋಶ್ ಬ್ರೆಡ್ಡಿನ ತುಂಡುಗಳನ್ನು ಹರಡಿ, 8 ಮೊಟ್ಟೆ, 3 ಕಪ್ ಹಾಲು, ಸಕ್ಕರೆ ಮತ್ತು ದಾಲ್ಚಿನ್ನಿ ಪುಡಿಯನ್ನು ಕದಡಿ ಸುರಿದು, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 45 ನಿಮಿಷ ಬೇಯಿಸಿದೆ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿದರೂ ನಡುಭಾಗ ಅಂಬಲಿಯಂತೆ ಉಳಿಯಿತು. ನನ್ನ ಅನುಮಾನವೆಲ್ಲ ಆ ತಾಜಾ ಬ್ರೆಡ್ಡಿನ ಮೇಲೆಯೇ ಇದೆ. ಅದನ್ನು ಹಿಂದಿನ ದಿನ ಒಣಗಿಸಿದರೆ ಸಾಕೇ, ಅಥವಾ ಹಾಲನ್ನೂ 2 ಕಪ್ಪಿಗೆ ಇಳಿಸಿ, ಮೊದಲ ಅರ್ಧ ಗಂಟೆ ಫಾಯಿಲ್ ಮುಚ್ಚಿ ಬೇಯಿಸಬೇಕೇ? ಮೊಟ್ಟೆ ತಿನ್ನದ ನಮ್ಮ ಅತ್ತೆಯವರಿಗಾಗಿ ಕಸ್ಟರ್ಡ್ ಪುಡಿ ಕದಡಿದ ಹಾಲಿನಲ್ಲಿ ಚಿಕ್ಕ ಪಾತ್ರೆಯೊಂದನ್ನು ಬೇರೆಯಾಗಿ ಮಾಡಿದರೆ ಅದು ಸರಿಯಾಗಿ ಗಟ್ಟಿಯಾಗುತ್ತದೆಯೇ? ಮಾಡಿ ನೋಡಿದವರು ಶನಿವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.