ಗೊಂಬೆ, ಆಟಿಕೆ, ಬುಗುರಿ, ಗುನ್ನ: ಕೆಲವು ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಈ ಸಲ ನಾವು ಚಿಕ್ಕವರಿದ್ದಾಗ ಆಡಿದ ಸಾಮಾನುಗಳನ್ನೇ ಒಂದು ಬುಟ್ಟಿ ತುಂಬಿಸಿ ಕೊಡೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಪಟ್ಟಿ ಬರೆಯೋ ಕೆಲಸ ನನ್ನ ತಲೆಗೆ ಬಂತು. ಏನು ಕೊಳ್ಳಬೇಕು ಅನ್ನೋದು ಬೇಗ ಇತ್ಯರ್ಥವಾಯಿತು. ಅದನ್ನು ಏನಂತ ಬರೆಯಬೇಕು ಅನ್ನೋದು ಆಗಲಿಲ್ಲ. ಅಮ್ಮ ಮಂಡ್ಯ ಕಡೆಯವರು, ಭಾವ ಧಾರವಾಡದವರು, ನಾನು ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ. ಮೂವರದೂ ಮೂರು ದಾರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪಟ್ಟಿಯ ಮೇಲೆ ‘ಆಟಿಕೆಗಳು’ ಅಂತ ಬರೆದಿದ್ದೆ. ಅಮ್ಮ ನೋಡಿ, ‘ಇದೇನೋ ಪೇಪರ್ ಭಾಷೆ, ಆಟದ ಸಾಮಾನು ಅಂತ ಬರಿ’ ಅಂದರು. ಯೋಚಿಸಿದರೆ ಹೌದು ಅನ್ನಿಸುತ್ತೆ. ‘ಆಟಿಕೆ’ ಅನ್ನೋದನ್ನು ನಾನು ಓದಿದ್ದೇ ಜಾಸ್ತಿ, ಬಾಯಿಬಿಟ್ಟು ಅಂದದ್ದು ಕಡಿಮೆ. ಹಾಗಂತ ಆ ಪದದ ಮೇಲೆ ನನಗೇನೂ ಕೋಪ ಇಲ್ಲ. ಚಿಕ್ಕದಾಗಿದೆ, ಚೊಕ್ಕವಾಗಿದೆ. ಆದರೆ ಎರಡೂ ಒಂದೇ ಅಲ್ಲ ಅಂತ ನನ್ನ ಅನುಮಾನ. ಸೋಡಾ ಮುಚ್ಚಳವನ್ನು ಕಲ್ಲಲ್ಲಿ ಜಜ್ಜಿ ಚಪ್ಪಟೆ ಮಾಡಿ, ನಡುವೆ ಎರಡು ತೂತು ಕೊರೆದು, ದಾರ ಪೋಣಿಸಿ, ಎರಡೂ ಕೈಯಲ್ಲಿ ಎಳೆದು ಬಿಟ್ಟು ಗುಂಯ್ ಅನ್ನಿಸುತ್ತಿದ್ದೆವಲ್ಲ, ಅದು ಆಟದ ಸಾಮಾನು ಹೌದು. ಆಟಿಕೆ ಅನ್ನೋಕೆ ನನಗೆ ಬಾಯಿ ಬರಲ್ಲ. ಮಾರೋದಕ್ಕೆ ಅಂತ ಮಾಡಿದ್ದು ಮಾತ್ರ ಆಟಿಕೆ ಅನ್ನಿಸುತ್ತೆ. ನಿಮಗೂ ಹಾಗೇ ಕೇಳಿಸುತ್ತಾ? ಅಂದ ಹಾಗೆ ಆ ಮುಚ್ಚಳದ ಆಟಕ್ಕೆ ನಿಮ್ಮೂರಲ್ಲಿ ಹೆಸರಿತ್ತಾ? ನಮ್ಮ ಬೀದಿಯಲ್ಲಿ ‘ಗಿರಗಿಟ್ಲೆ’ ಅಂತಿದ್ದೆವು. ಅಮ್ಮನಿಗೆ ಗಿರಗಿಟ್ಲೆ ಅಂದರೆ ಜಾತ್ರೆಯಲ್ಲಿ ಕಡ್ಡಿಗೆ ಸಿಕ್ಕಿಸಿ ಮಾರೋ, ಗಾಳಿಗೆ ತಿರುಗೋ ಕಾಗದದ ಹೂವು ಮಾತ್ರ.

ಎರಡನೆಯದು ‘ಗೊಂಬೆ’. ಪಟ್ಟಿಯಲ್ಲಿ ಮೊದಲು ಬಂದದ್ದೇ ಚನ್ನಪಟ್ಟಣದ ಗೊಂಬೆ. ಬಿಡಿಸಿ ಬರೆಯೋಕೆ ಕೂತರೆ ಒಂದು ಗಿಲಕಿ, ಒಂದು ರೈಲು, ಅಡುಗೆ ಆಟದ ಪುಟಾಣಿ ಪಾತ್ರೆಗಳು, ಬಳೆಯಂಥ ಬಣ್ಣದ ಉಂಗುರಗಳನ್ನು ಗೂಟಕ್ಕೆ ಪೋಣಿಸೋದು. ಇದರಲ್ಲಿ ಗೊಂಬೆ ಎಲ್ಲಿದೆ? ಒಂದಕ್ಕೂ ಕಣ್ಣು ಮೂಗಿಲ್ಲ. ಆದರೂ ಬೆಂಗಳೂರು–ಮೈಸೂರು ದಾರಿಯಲ್ಲಿ ಬಸ್ಸಿನಿಂದ ಇಳಿದು ಇದನ್ನು ಕೊಂಡವರೆಲ್ಲ ‘ಗೊಂಬೆ ತಂದೆ’ ಅಂತಲೇ ಅನ್ನೋದು. ತಮಾಷೆ ನೋಡಿ, ಈ ಕಸುಬಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆಯಲ್ಲ, ಆ ನೋಂದಣಿಯಲ್ಲಿ ಇಂಗ್ಲಿಷಿನಲ್ಲಿ ‘ಟಾಯ್ಸ್ ಅಂಡ್ ಡಾಲ್ಸ್’ ಅಂತ ಎರಡು ಪದ ಹಾಕಬೇಕಾಯಿತು. ನಮಗೆ ಒಂದೇ ಪದ ಸಾಕಾಯಿತು.

ಭಾವ ಹೇಳೋದು, ಇದು ಊರಿನ ಹೆಸರಿನ ಜೊತೆ ಅಂಟಿಕೊಂಡ ಬಳಕೆ ಅಷ್ಟೇ, ಬೇರೆ ಕಡೆ ರೈಲಿಗೆ ಗೊಂಬೆ ಅನ್ನಲ್ಲ ಅಂತ. ನಾನು ಒಪ್ಪಲಿಲ್ಲ. ಗೊಂಬೆ ಅನ್ನೋದು ಮೊದಲಿನಿಂದಲೂ ಅಗಲವಾದ ಪದ. ತೊಗಲುಗೊಂಬೆ ಬರೀ ಚಪ್ಪಟೆ ಚರ್ಮ. ಸೂತ್ರದ ಗೊಂಬೆ ಬೇರೆ, ದಸರೆಯಲ್ಲಿ ಕೂರಿಸೋ ಪಟ್ಟದ ಗೊಂಬೆ ಬೇರೆ. ಪಕ್ಕದ ಭಾಷೆಗಳಲ್ಲೂ ಹೀಗೇ. ತಮಿಳಿನಲ್ಲಿ ‘ಬೊಮ್ಮೈ’ ಅಂದರೆ ಯಾವ ಆಟದ ಸಾಮಾನಾದರೂ ಆಗುತ್ತೆ. ತೆಲುಗಿನ ‘ಬೊಮ್ಮ’ಗೆ ಚಿತ್ರ ಅನ್ನೋ ಅರ್ಥವೂ ಇದೆ. ಆಂಧ್ರದ ಏಟಿಕೊಪ್ಪಾಕದಲ್ಲೂ ಹೀಗೇ ಮರ ಕಡೆದು ಅರಗು ಹಚ್ಚಿ ಆಟದ ಸಾಮಾನು ಮಾಡುತ್ತಾರೆ. ಅವೂ ‘ಬೊಮ್ಮಲು’. ಹಾಗಿದ್ದಮೇಲೆ ನಮ್ಮಲ್ಲಿ ಗೊಂಬೆ ಬರೀ ಹೆಣ್ಣುಮಕ್ಕಳು ಎತ್ತಿ ಆಡಿಸೋ ಮೂರ್ತಿ ಅಂತ ಕಿರಿದಾದದ್ದು ‘ಆಟಿಕೆ’ ಅನ್ನೋ ಪದ ಪಕ್ಕದಲ್ಲಿ ಬಂದು ಕೂತ ಮೇಲೆ ಇರಬಹುದಾ? ಬಲ್ಲವರು ಹೇಳಿ.

ಚನ್ನಪಟ್ಟಣದ ಗೊಂಬೆ ಮಾಡೋ ಮರದ ಹೆಸರಲ್ಲೂ ಒಂದು ತೊಡಕಿದೆ. ಎಲ್ಲ ಕಡೆ ‘ಆಲೆ ಮರ’ ಅಂತ ಅಚ್ಚಾಗುತ್ತೆ. ಹಿಂದಿಯವರು ಇದನ್ನು ‘ದೂಧಿ’ ಅಂತಾರೆ, ಅಂದರೆ ಹಾಲಿನದು. ಕೊಂಬೆ ಮುರಿದರೆ ಹಾಲು ಬರುತ್ತೆ. ಹಾಗಾಗಿ ಇದು ‘ಹಾಲೆ’ಯೇ ಇರಬೇಕು, ಹಾಲಿಗೆ ‘ಆಲು’ ಅನ್ನೋ ನಮ್ಮ ಕಡೆಯ ಬಾಯಲ್ಲಿ ಹಕಾರ ಬಿದ್ದುಹೋಗಿದೆ ಅಂತ ನನ್ನ ಲೆಕ್ಕ. ಆದರೆ ಕರಾವಳಿಯವರಿಗೆ ಹಾಲೆ ಅಂದರೆ ಆಟಿ ಅಮಾವಾಸ್ಯೆ ದಿನ ತೊಗಟೆಯ ಕಷಾಯ ಮಾಡೋ ಮರ. ತುಳುವಿನ ಪಾಲೆ. ಅದೇ ಬೇರೆ ಮರ. ‘ಹಾಲೆ’ ಅಂತ ಬರೆದರೆ ಮಂಗಳೂರಿನವರು ಹುಬ್ಬೇರಿಸುತ್ತಾರೆ, ‘ಆಲೆ’ ಅಂತ ಬರೆದರೆ ಕಬ್ಬಿನ ಆಲೆಮನೆ ನೆನಪಾಗುತ್ತೆ. ಯಾವುದನ್ನು ಉಳಿಸಿಕೊಳ್ಳೋದು?

ಸುಮ್ನೆ ಇನ್ನೊಂದು ಮಾತು, ಕೊಳ್ಳೋರಿಗೆ ಉಪಯೋಗ ಆಗಬಹುದು. ಅರಗಿನ ಬಣ್ಣವನ್ನು ಕುಂಚದಲ್ಲಿ ಬಳಿಯಲ್ಲ. ಲೇತಿನಲ್ಲಿ ತಿರುಗುತ್ತಿರೋ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಆಮೇಲೆ ಎಲೆ ಒತ್ತಿ ಹೊಳಪು ತರುತ್ತಾರೆ. ಹಾಗಾಗಿ ಬಣ್ಣ ಬಳೆಯ ಹಾಗೆ ಸುತ್ತಲೂ ಒಂದೇ ಸಮ ಇರುತ್ತೆ, ಕುಂಚದ ಗೆರೆ ಇರಲ್ಲ. ಚಪ್ಪಟೆ ಹಲಗೆಗೆ ಬಣ್ಣ ಬಳಿದು ‘ಅಪ್ಪಟ ಚನ್ನಪಟ್ಟಣ’ ಅಂತ ಮಾರೋದನ್ನು ನೋಡಿದರೆ ಸ್ವಲ್ಪ ಯೋಚಿಸಿ. ಬಾಯಿಗೆ ಹಾಕಿಕೊಳ್ಳೋ ಮಗು ಇದ್ದರಂತೂ ಜಾಸ್ತಿ ಯೋಚಿಸಿ. ಎಲೆ ಅಂದೆನಲ್ಲ, ಅದನ್ನು ತಾಳೆ ಗರಿ ಅಂತ ಬರೆಯುತ್ತಾರೆ. ಅದು ತಾಟಿನುಂಗಿನ ತಾಳೆ ಅಲ್ಲ. ‘ತಾಳೆ ಹೂ’ ಮುಡಿಯುತ್ತಾರಲ್ಲ, ಆ ಕೇದಗೆಯ ಎಲೆ. ಒಂದು ಪದಕ್ಕೆ ಎರಡು ಗಿಡ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಬುಗುರಿ. ಭಾವನ ಬಾಯಲ್ಲಿ ‘ಬಗರಿ’. ಅಂಗಡಿಯಲ್ಲಿ ಬುಗುರಿ ಕೇಳಿದರೆ ಮೇಲೆ ಕಡ್ಡಿ ಇರೋ, ಎರಡು ಬೆರಳಲ್ಲಿ ತಿರುವಿ ಬಿಡೋ ಬಣ್ಣಬಣ್ಣದ್ದನ್ನು ಕೊಟ್ಟರು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಅದರಲ್ಲೂ ತಿರುಗುತ್ತಾ ತಿರುಗುತ್ತಾ ತಾನೇ ತಲೆಕೆಳಗಾಗಿ ಕಡ್ಡಿಯ ಮೇಲೆ ನಿಲ್ಲೋ ಜಾತಿ ಒಂದಿದೆ. ನೀಲ್ಸ್ ಬೋರ್ ಮತ್ತು ಪೌಲಿಯಂಥ ಭೌತವಿಜ್ಞಾನಿಗಳೇ ನೆಲಕ್ಕೆ ಬಗ್ಗಿ ಅಂಥದನ್ನು ನೋಡುತ್ತಿರೋ ಫೋಟೋ ಇದೆ. ಆದರೆ ಮೊಳೆ ಇಲ್ಲದ, ಚಾಟಿ ಸುತ್ತದ ವಸ್ತುವನ್ನು ಬುಗುರಿ ಅನ್ನಬಹುದಾ? ನಾನು ಅನ್ನಲ್ಲ. ಚಾಟಿ ಬೇಕು, ಅದರ ತುದಿಯಲ್ಲಿ ಬೆರಳಿಗೆ ಸಿಕ್ಕಿಸೋಕೆ ಗಂಟು ಬೇಕು, ಕೆಳಗೆ ಸಿಮೆಂಟಿಗೆ ಉಜ್ಜಿ ಚೂಪು ಮಾಡಿದ ಮೊಳೆ ಬೇಕು. ಹಾಗಾದರೆ ಬೆರಳಲ್ಲಿ ತಿರುವೋದಕ್ಕೆ ಬೇರೆ ಹೆಸರು ಯಾರಲ್ಲಾದರೂ ಇತ್ತಾ? ‘ಕೈಬುಗುರಿ’ ಅಂತ ನಾನೇ ಬರೆದುಕೊಂಡಿದ್ದೇನೆ, ತೃಪ್ತಿ ಇಲ್ಲ. ಹೂವರಸಿ ಮರಕ್ಕೆ ‘ಬುಗರಿ ಮರ’ ಅನ್ನೋ ಹೆಸರೂ ಇದೆ. ಅದರ ಕಾಯಿಯನ್ನು ಮಕ್ಕಳು ಬೆರಳಲ್ಲೇ ತಿರುಗಿಸುತ್ತಾರೆ. ಇದನ್ನು ಹಿಡಿದುಕೊಂಡು ಭಾವ, ‘ನೋಡ್ರಿ, ಚಾಟಿ ಇಲ್ಲದ್ದೂ ಬಗರೀನ’ ಅಂತ ವಾದ ಹೂಡಿದ್ದಾರೆ.

ಆಟದ ಒಳಗಿನ ಪದಗಳು ಇನ್ನೂ ಸ್ವಾರಸ್ಯ. ತಿರುಗುತ್ತಿರೋ ಬುಗುರಿಗೆ ಚಾಟಿ ಹಾಕಿ ಎತ್ತಿ ಮೇಲೆ ಹಾರಿಸಿ ಹಿಡಿಯೋದಕ್ಕೆ ನಾವು ‘ಅಪೀಟ್’ ಅಂತಿದ್ದೆವು. ಪಕ್ಕದ ಮನೆಯ ತಮಿಳು ಹುಡುಗರೂ ಅದನ್ನೇ ಅನ್ನುತ್ತಿದ್ದರು. ಇದು ಇಂಗ್ಲಿಷಿನ ‘ಅಪ್ ಇಟ್’ ಅಂತ ಕೆಲವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಗಲ್ಲಿ ಹುಡುಗರು ವ್ಯಾಕರಣ ಸಮೇತ ಇಂಗ್ಲಿಷ್ ತಂದರು ಅನ್ನೋದು ನನಗೆ ಗಂಟಲಲ್ಲಿ ಇಳಿಯಲ್ಲ.

ಇನ್ನು ‘ಗುನ್ನ’. ಸೋತವನ ಬುಗುರಿಯನ್ನು ನೆಲದ ಮೇಲೆ ಇಟ್ಟು, ಗೆದ್ದವರು ತಮ್ಮ ಬುಗುರಿಯ ಮೊಳೆಯಿಂದ ಗುದ್ದಿ ಗಾಯ ಮಾಡೋದು. ಆ ಏಟೂ ಗುನ್ನ, ಬಿದ್ದ ಕುಳಿಯೂ ಗುನ್ನ. ಬಣ್ಣ ಹಾರಿ ಒಳಗಿನ ಬಿಳಿ ಮರ ಕಾಣಿಸುತ್ತೆ. ಒಂದೊಂದು ಸಲ ಬುಗುರಿ ಸೀಳಿ ಎರಡು ಹೋಳೂ ಆಗುತ್ತೆ. ಈಗ ಅದೇ ಪದ ದೊಡ್ಡವರ ಮಾತಿಗೂ ಬಂದಿದೆ. ಪಾಲುದಾರ ದುಡ್ಡು ಎತ್ತಿಕೊಂಡು ಹೋದರೆ ‘ಸರಿಯಾಗಿ ಗುನ್ನ ಇಟ್ಟ’ ಅಂತೀವಿ. ಭಾವನ ಪ್ರಕಾರ ಇದು ‘ಗುನ್ನೆ’. ಅಂದರೆ ಅಪರಾಧ. ಪೊಲೀಸ್ ಠಾಣೆಯ ಕಾಗದದಲ್ಲಿ ‘ಗುನ್ನೆ ನಂಬರ್’ ಅಂತ ಬರೀತಾರಲ್ಲ, ಅದೇ. ಮರಾಠಿಯ ಗುನ್ಹಾ, ಉರ್ದುವಿನ ಗುನಾಹ್. ಕೇಳೋಕೆ ಚೆನ್ನಾಗಿದೆ, ಆದರೆ ಅರ್ಥ ಹಿಂದುಮುಂದಾಗಿದೆ. ಗುನ್ನೆ ಮಾಡಿದವನು ತಪ್ಪಿತಸ್ಥ. ಬುಗುರಿಯಲ್ಲಿ ಗುನ್ನ ಹೊಡೆಯೋನು ಗೆದ್ದವನು, ಹೊಡೆಯೋದು ಅವನ ಹಕ್ಕು. ‘ನಿನ್ನ ಗುನ್ನೆಗೆ ಇದು ಶಿಕ್ಷೆ’ ಅಂತ ತಿರುಗಿಸಿ ಹೇಳಬಹುದು ಅಂತಾರೆ ಭಾವ. ನನಗೆ ಅದು ಎಳೆದು ತಂದ ಹಾಗೆ ಕಾಣುತ್ತೆ. ಕುಳಿ ಅನ್ನೋ ಅರ್ಥವೇ ಮೊದಲು, ಮೋಸ ಅನ್ನೋದು ಅಲ್ಲಿಂದ ಬೆಳೆದದ್ದು ಅಂತ ನನ್ನ ಪಕ್ಷ.

ಉಳಿದವು ಚಿಕ್ಕ ಪ್ರಶ್ನೆಗಳು. ಗಿಲಕಿಗೆ ‘ಗಿಲಿಗಿಲಿ’ ಅಂದವರು ಯಾವ ಕಡೆಯವರು? ಗಿಲ್ಲಿದಾಂಡು, ಚಿನ್ನಿದಾಂಡು, ಕುಟ್ಟಿದೊಣ್ಣೆ ಬಗ್ಗೆ ಇಲ್ಲಿ ಸಾಕಷ್ಟು ಮಾತಾಡಿದ್ದೀರಿ, ಮತ್ತೆ ಕೆದಕಲ್ಲ. ಅಳಗುಳಿಮಣೆ, ಚೆನ್ನೆಮಣೆಯೂ ಹಾಗೇ.

ತಗಡಿನ ದೋಣಿ ಮಾತ್ರ ಕೇಳಲೇಬೇಕು. ಒಳಗೆ ಎಣ್ಣೆಬತ್ತಿ ಹಚ್ಚಿ ಬೋಗುಣಿಯ ನೀರಲ್ಲಿ ಬಿಟ್ಟರೆ ಪಟಪಟ ಅಂತ ಸದ್ದು ಮಾಡಿಕೊಂಡು ಸುತ್ತುತ್ತಿತ್ತು. ಪುಟ್ಟ ಬಾಯ್ಲರಿನ ನೀರು ಆವಿಯಾಗಿ ಹಿಂದಿನ ಕೊಳವೆಯಿಂದ ನೀರನ್ನು ತಳ್ಳುತ್ತೆ, ತಣ್ಣಗಾದಾಗ ಮತ್ತೆ ಎಳೆದುಕೊಳ್ಳುತ್ತೆ, ಹಾಗೇ ನಡೆಯುತ್ತೆ. ಈಗಲೂ ಮಾರಾಟಕ್ಕಿದೆ, ಬುಟ್ಟಿಗೆ ಹಾಕೋದು ಖಚಿತ. ಬೆಂಕಿಯ ಆಟ ಆದ್ದರಿಂದ ದೊಡ್ಡವರು ಪಕ್ಕದಲ್ಲಿರಬೇಕು ಅಷ್ಟೇ. ನಾವು ‘ಸ್ಟೀಮ್ ಬೋಟು’ ಅಂತಿದ್ದೆವು, ಅಮ್ಮ ‘ದೀಪದ ದೋಣಿ’ ಅನ್ನುತ್ತಾರೆ, ಭಾವನಿಗೆ ಹೆಸರೇ ನೆನಪಿಗೆ ಬರುತ್ತಿಲ್ಲ. ನಿಮ್ಮ ಊರಿನ ಜಾತ್ರೆಯಲ್ಲಿ ಮಾರೋನು ಏನಂತ ಕೂಗುತ್ತಿದ್ದ? ಊರು, ತಾಲ್ಲೂಕು ಸೇರಿಸಿ ಬರೆದರೆ ಒಳ್ಳೆಯದು.