ಡೈನರ್ ಅಂದ್ರೆ ಹಳೇ ರೈಲು ಬೋಗಿನಾ? ಅಸಲಿ ಯಾವುದು ಅಂತ ಗುರುತಿಸೋದು ಹೇಗೆ?

ಗೊಜ್ಜವಲಕ್ಕಿ:
ಅಮೆರಿಕದ ನ್ಯೂಜೆರ್ಸಿ ಕಡೆ ರಸ್ತೆ ಪಕ್ಕ ಕಾಣೋ ಸ್ಟೀಲ್ ಡೈನರ್‌ಗಳ (ಬೋಗಿ ಆಕಾರದ ಸಣ್ಣ ಹೋಟೆಲ್‌ಗಳ) ಬಗ್ಗೆ ಮೂರು ಪ್ರಶ್ನೆ. ಗುಜರಿಗೆ ಹಾಕಿದ ರೈಲು ಬೋಗಿ ತಂದು ಹೋಟೆಲ್ ಮಾಡಿದ್ದು ಅಂತಾರಲ್ಲ, ನಿಜವಾ? ನಿಜವಾಗಿ ಹಳೇದು ಯಾವುದು, ಮೊನ್ನೆ ಕಟ್ಟಿ ಹಳೇ ವೇಷ ಹಾಕಿದ್ದು ಯಾವುದು ಅಂತ ನೋಡಿದ ತಕ್ಷಣ ಹೇಳೋಕಾಗುತ್ತಾ? ಕೊನೇದು, ಊರಿಂದ ಬರೋ ಹಿರಿಯರು ಮೊಟ್ಟೆನೂ ಮುಟ್ಟಲ್ಲ. ಅವರಿಗೆ ಅಲ್ಲಿ ತಿನ್ನೋಕೆ ಏನಿರುತ್ತೆ?

ತಗಡಿನ ತೇರು:
ಬೋಗಿ ಕಥೆ ಬಹುತೇಕ ಸುಳ್ಳು. ಡೈನರ್‌ನ ಮೂಲ ಕುದುರೆಗಾಡಿ. 1872ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಅನ್ನೋನು ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆ ಕಚೇರಿ ಹತ್ತಿರ ರಾತ್ರಿ ಗಾಡಿ ನಿಲ್ಲಿಸಿ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಪೈ, ಕಾಫಿ ಮಾರೋಕೆ ಶುರು ಮಾಡಿದ. ಊರಿನ ಹೋಟೆಲುಗಳು ರಾತ್ರಿ ಎಂಟಕ್ಕೆಲ್ಲ ಬಾಗಿಲು ಹಾಕ್ತಿದ್ದವು, ಪ್ರೆಸ್ಸಿನವರ ಹಸಿವು ಏಳೋದೇ ಆಮೇಲೆ. ತೊಂದರೆ ಏನಂದ್ರೆ ಗಿರಾಕಿಗಳು ಬೀದಿಯಲ್ಲೇ ನಿಂತು ತಿನ್ನಬೇಕಿತ್ತು. ಮಳೆ ಬಂದರೆ ವ್ಯಾಪಾರ ಅಲ್ಲಿಗೇ ಮುಗೀತು. 1887ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಸ್ಯಾಮುಯೆಲ್ ಜೋನ್ಸ್ ಜನ ಒಳಗೆ ಹತ್ತಿ ನಿಲ್ಲೋವಷ್ಟು ದೊಡ್ಡ ಗಾಡಿ ಇಳಿಸಿದ. ಅಲ್ಲಿಂದ ಅದು ಛಾವಣಿ ಇರೋ ಹೋಟೆಲ್ ಆಯ್ತು.

ಬೋಗಿ ಮಾತು ಹುಟ್ಟಿದ್ದು ಟ್ರಾಮಿನಿಂದ. ವಿದ್ಯುತ್ ಟ್ರಾಮ್ ಬಂದ ಮೇಲೆ ಕುದುರೆ ಎಳೀತಿದ್ದ ಹಳೇ ಟ್ರಾಮ್‌ಗಳು ಕವಡೆ ಕಾಸಿಗೆ ಸಿಗ್ತಿದ್ದವು. ಕೆಲವರು ಅದರಲ್ಲೇ ಒಲೆ ಹಚ್ಚಿದರು. ಅವು ಗಲೀಜು, ಅದರಿಂದ ಇಡೀ ಕಸುಬಿಗೇ ಕೆಟ್ಟ ಹೆಸರು. ಆ ಮೇಲೆ ತಯಾರಕರು ರೈಲಿನ ಊಟದ ಬೋಗಿಯ ಗತ್ತು ತಮ್ಮ ಮಾಲಿಗೂ ಇರಲಿ ಅಂತ 'ಡೈನಿಂಗ್ ಕಾರ್' ಅಂತ ಕರೆದರು. ಅದೇ ಸವೆದು ಡೈನರ್.

ಮತ್ತೆ ಆಕಾರ ಯಾಕೆ ಬೋಗಿ ಥರ? ಕಾರ್ಖಾನೆಯಲ್ಲಿ ಸ್ಟೂಲು, ಕೌಂಟರ್, ಒಲೆ ಸಮೇತ ಕಟ್ಟಿ, ರಸ್ತೆಯಲ್ಲೋ ರೈಲಿನಲ್ಲೋ ಹೇರಿ ಕಳಿಸಬೇಕಿತ್ತು. ಹಾಗಾಗಿ ಅಗಲ ಸುಮಾರು 10ರಿಂದ 16 ಅಡಿ. ಅಷ್ಟರಲ್ಲಿ ಗೋಡೆಗೆ ಒತ್ತಿ ಕಾವಲಿ, ಅಡುಗೆಯವನಿಗೊಂದು ಓಣಿ, ಕೌಂಟರ್, ಸ್ಟೂಲು, ಹಿಂದೆ ಓಡಾಡೋ ಜಾಗ, ಅಷ್ಟೇ ಹಿಡಿಸೋದು. ಮೊಟ್ಟೆ ಒಡೆದು ಹಾಕೋದು ನಿಮ್ಮ ಕಣ್ಣೆದುರಿಗೇ ಯಾಕೆ ಅಂದ್ರೆ ಅಡುಗೆಮನೆಗೆ ಬೇರೆ ಜಾಗವೇ ಇರಲಿಲ್ಲ. ಗಾತ್ರ ದೊಡ್ಡದಾದಾಗ ಎರಡು ಮೂರು ತುಂಡು ಮಾಡಿ ತಂದು ಜೋಡಿಸೋಕೆ ಶುರು ಮಾಡಿದರು.

ಸ್ಕ್ರೂಡ್ರೈವರ್:
ಎರಡನೇ ಪ್ರಶ್ನೆಗೆ. ಒಳಗೆ ಹೋದ ತಕ್ಷಣ ತಿರುಗಿ ಬಾಗಿಲ ಮೇಲ್ಗಡೆ ನೋಡಿ. ತಯಾರಕರ ಪುಟ್ಟ ತಗಡಿನ ಪಟ್ಟಿ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ನ್ಯೂಜೆರ್ಸಿಯ ಪ್ಯಾಟರ್ಸನ್ ವೆಹಿಕಲ್ ಕಂಪನಿಯ 'ಸಿಲ್ಕ್ ಸಿಟಿ' ಡೈನರ್ ಆದರೆ ಓದೋದು ಸುಲಭ. ಮೊದಲ ಎರಡು ಅಂಕಿ ಇಸವಿ, ಉಳಿದದ್ದು ಕ್ರಮಸಂಖ್ಯೆ. 4655 ಅಂತಿದ್ದರೆ 1946ರ 55ನೆಯದು. (ಪ್ಯಾಟರ್ಸನ್ ರೇಷ್ಮೆ ಗಿರಣಿಗಳ ಊರು, ಹೆಸರು ಅದಕ್ಕೇ ಬಂತು. ರಾಮನಗರದವರಿಗೆ ಖುಷಿಯಾಗಬಹುದು.)

ಪಟ್ಟಿ ಕಿತ್ತು ಹೋಗಿದ್ದರೆ ನೆಲ ನೋಡಿ. ಹಳೇ ಡೈನರ್‌ನಲ್ಲಿ ಸ್ಟೂಲಿನ ಕಂಬ ನೆಲಕ್ಕೇ ಕಚ್ಚಿಕೊಂಡಿರುತ್ತೆ, ಸಣ್ಣ ಟೈಲುಗಳನ್ನ ಅದರ ಬುಡದ ಸುತ್ತ ಕತ್ತರಿಸಿ ಕೂರಿಸಿರ್ತಾರೆ. ಕಾಲಿಡೋ ಅಂಚಿನಲ್ಲಿ ಸವೆತ ಕಾಣುತ್ತೆ. ಆಮೇಲೆ ಅಗಲ. ಮುಂಬಾಗಿಲಿಂದ ಕಾವಲಿಯ ಗೋಡೆವರೆಗೆ ಹೆಜ್ಜೆ ಹಾಕಿ. ಕಲ್ಯಾಣ ಮಂಟಪದಷ್ಟು ವಿಶಾಲ, ಚದುರಂಗದ ಮಣೆ ಥರ ನೆಲ, ಗೋಡೆ ತುಂಬ ಹಳೇ ಗಾಯಕರ ಫೋಟೋ ಇದ್ದರೆ ಅದು ಬಹುಪಾಲು ವೇಷ. 1930ರ ಸುಮಾರಿನ ಒಳಾಂಗಣದಲ್ಲಿ ಮರ, ಟೈಲು, ಅಮೃತಶಿಲೆ ಹೆಚ್ಚು. ಹೊಳೆಯೋ ಸ್ಟೇನ್‌ಲೆಸ್ ಸ್ಟೀಲಿನ ಅಬ್ಬರ 1940ರಿಂದೀಚೆಗೆ.

ಉಲ್ಟಾ ಮೋಸಾನೂ ಇದೆ. 1960–70ರ ಹೊತ್ತಿಗೆ ಸ್ಟೀಲು ಹಳೇ ಫ್ಯಾಷನ್ ಅನ್ನಿಸಿ ಎಷ್ಟೋ ಮಾಲೀಕರು ಹೊರಗಡೆ ಇಟ್ಟಿಗೆ, ಕಲ್ಲಿನ ಹೊದಿಕೆ, ಇಳಿಜಾರು ಸೂರು ಹಾಕಿಸಿಬಿಟ್ಟರು. ಹೊರಗೆ ಸಾಧಾರಣ ಹೋಟೆಲ್, ಒಳಗೆ ಸಾಲು ಸ್ಟೂಲು, ಮೇಲೆ ಕಮಾನಿನ ಛಾವಣಿ ಕಂಡರೆ ಅನುಮಾನ ಪಡಿ.

ಗೊಜ್ಜವಲಕ್ಕಿ:
ಡೈನರ್ ತಯಾರಿಸ್ತಿದ್ದ ವೂಸ್ಟರ್ ಕಂಪನಿಯ ಪಟ್ಟಿಯಲ್ಲಿ 800ರ ಮೇಲಿನ ಸಂಖ್ಯೆ ಇದ್ದರೆ ಅದು ಎಂಟುನೂರನೇ ಡೈನರ್ ಅಂತಾನಾ?

ಸ್ಕ್ರೂಡ್ರೈವರ್:
ಅಲ್ಲ. ವೂಸ್ಟರ್ ಲಂಚ್ ಕಾರ್ ಕಂಪನಿ 1906ರಲ್ಲಿ ಎಣಿಕೆ ಶುರು ಮಾಡಿದ್ದೇ 200ರಿಂದ. ಹೊಸ ಅಂಗಡಿಯ ಮೊದಲ ಬಿಲ್ಲಿಗೆ 1 ಅಂತ ಬರೆಯೋಕೆ ಯಾರಿಗೂ ಇಷ್ಟವಿರಲ್ಲ ನೋಡಿ. 1957ರಲ್ಲಿ ಕೊನೆಯದು 850, ಅಂದ್ರೆ ಒಟ್ಟು 651. ಆ ಕಂಪನಿಯ ಡೈನರ್‌ಗಳ ಗುರುತು ಹೊರಗಿನ ಪೋರ್ಸೆಲಿನ್ ಎನಾಮೆಲ್ ಹಲಗೆ, ಹೆಸರಿನ ಅಕ್ಷರಾನೂ ಅದರಲ್ಲೇ ಸುಟ್ಟು ಕೂರಿಸಿದ್ದು.

ತಗಡಿನ ತೇರು:
ಎನಾಮೆಲ್ ಬಗ್ಗೆ ಒಂದು ಸೇರಿಸ್ತೀನಿ. ಅದು ಪೇಂಟಲ್ಲ, ಉಕ್ಕಿನ ತಗಡಿನ ಮೇಲೆ ಕರಗಿಸಿ ಅಂಟಿಸಿದ ಗಾಜು. ಬಿಸಿಲಿಗೆ ಬಣ್ಣ ಮಾಸಲ್ಲ, ಆದರೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತೆ. ಸ್ಕ್ರೂ ತೂತಿನ ಸುತ್ತ ಸಣ್ಣ ಬಿರುಕು ಬಿದ್ದು, ನೀರು ಇಳಿದು, ತುಕ್ಕು ಗಾಜಿನ ಅಡಿಯಲ್ಲೇ ಹರಡುತ್ತೆ. ಸ್ಕ್ರೂ ಬಿಗಿ ಮಾಡೋ ಹುಮ್ಮಸ್ಸಲ್ಲಿ ಅರ್ಧ ಸುತ್ತು ಜಾಸ್ತಿ ತಿರುಗಿಸಿದರೂ ಇದೇ ಗತಿ. ಸ್ಟೇನ್‌ಲೆಸ್ ತಗಡಿಗೆ ಉಕ್ಕಿನ ನಾರು ಹಾಕಿ ಉಜ್ಜಬಾರದು. ಅದರ ಕಬ್ಬಿಣದ ಚೂರು ಸಿಕ್ಕಿಕೊಂಡು ಚುಕ್ಕೆ ಚುಕ್ಕೆ ತುಕ್ಕು ಏಳುತ್ತೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ತುಪ್ಪದ ದೀಪ:
ಊಟದ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಹಿರಿಯರು ಉಪವಾಸ. ಎಲ್ಲಕ್ಕಿಂತ ಮೊದಲು ಕಾವಲಿ. ಬೇಕನ್ (ಹಂದಿ ಮಾಂಸ) ಹುರಿದ ಕಾವಲಿ ಮೇಲೇ ನಿಮ್ಮ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಕೂಡ ಬೇಯುತ್ತೆ. "ಬೇರೆ ಬಾಣಲೆಯಲ್ಲಿ, ಬೆಣ್ಣೆಯಲ್ಲಿ ಮಾಡಿಕೊಡಿ" ಅಂತ ಆರ್ಡರ್ ಕೊಡುವಾಗಲೇ ಹೇಳಬೇಕು. ಗಿಜಿಗುಡೋ ಭಾನುವಾರ ಬೆಳಿಗ್ಗೆ ಕೇಳಿದರೆ ಆಗಲ್ಲ ಅನ್ನಬಹುದು, ವಾರದ ಮಧ್ಯೆ ಮೂರು ಗಂಟೆ ಹೊತ್ತಿಗೆ ಹೋಗಿ.

ಪ್ಯಾನ್‌ಕೇಕ್, ವಾಫಲ್, ಫ್ರೆಂಚ್ ಟೋಸ್ಟ್ ಎಲ್ಲದರಲ್ಲೂ ಮೊಟ್ಟೆ. ತರಕಾರಿ ಸೂಪು ಅಂತ ಬರೆದಿದ್ದರೂ ಕೋಳಿ ಅಥವಾ ದನದ ಮೂಳೆಯ ಸಾರಾಗಿರಬಹುದು. ಫ್ರೆಂಚ್ ಫ್ರೈಸ್ ಮೇಲೆ ಮೊಝರೆಲ್ಲಾ ಚೀಸ್, ಕಂದು ಗ್ರೇವಿ ಸುರಿದು ಕೊಡೋ ಡಿಸ್ಕೋ ಫ್ರೈಸ್ ನ್ಯೂಜೆರ್ಸಿಯ ಹೆಮ್ಮೆ. ಗ್ರೇವಿ ಮಾಂಸದ್ದು, ಬೇಡ ಅನ್ನಿ. ರೈಸ್ ಪುಡಿಂಗ್ ನೋಡಿ ನಮ್ಮ ಪಾಯಸದ ತಮ್ಮ ಅಂತ ನಂಬಿಬಿಡಬೇಡಿ, ಅದಕ್ಕೂ ಮೊಟ್ಟೆ ಹಾಕೋರಿದ್ದಾರೆ. ಪೈ ಆದರೆ ಹಿಟ್ಟಿನ ಹೊದಿಕೆಗೆ ಹಂದಿ ಕೊಬ್ಬು ಹಾಕಿದ್ದಾರಾ, ಮೇಲೆ ಮೊಟ್ಟೆ ಸವರಿದ್ದಾರಾ, ಎರಡನ್ನೂ ಕೇಳಿ. ನೆಮ್ಮದಿಯಾಗಿ ತಿನ್ನೋಕೆ ಓಟ್‌ಮೀಲ್, ಬೆಣ್ಣೆ ಟೋಸ್ಟ್, ಹಣ್ಣು, ಬೇಯಿಸಿದ ಇಡೀ ಆಲೂಗಡ್ಡೆ.

ಡೈನರ್‌ನ ಹೋಮ್ ಫ್ರೈಸ್ (ಕಾವಲಿ ಮೇಲೆ ಹುರಿದ ಆಲೂಗಡ್ಡೆ) ಮನೆಯಲ್ಲೇ ಮಾಡಿಕೊಡಿ, ಮೂರು ಜನಕ್ಕೆ ಅರ್ಧ ಕೆಜಿ ಆಲೂಗಡ್ಡೆ. ಸಿಪ್ಪೆ ಸಮೇತ ಮುಕ್ಕಾಲು ಬೇಯಿಸಿ, ರಾತ್ರಿಯಿಡೀ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಹೆಬ್ಬೆರಳಿನ ಅಗಲಕ್ಕೆ ಹೆಚ್ಚಿ. ಹಸಿ ಆಲೂಗಡ್ಡೆ ಹಾಕಿದರೆ ಒಳಗೆ ಬೇಯೋ ಮುಂಚೆ ಹೊರಗೆ ಸೀದು ಹೋಗುತ್ತೆ, ಬಿಸಿ ಬಿಸಿ ಹೆಚ್ಚಿದರೆ ಮುದ್ದೆ. ದಪ್ಪ ಕಾವಲಿ, ಎರಡು ಚಮಚ ಎಣ್ಣೆ, ಒಂದೇ ಪದರ, ಐದು ನಿಮಿಷ ಕೈ ಹಚ್ಚಬೇಡಿ. ಕೆಳಗೆ ಹೊಂಬಣ್ಣ ಬಂದ ಮೇಲೆ ಮಗುಚಿ ಈರುಳ್ಳಿ, ಕೆಂಪು ದಪ್ಪ ಮೆಣಸಿನಕಾಯಿ. ಬೆಣ್ಣೆ ಕೊನೆಗೆ, ಮೊದಲೇ ಹಾಕಿದರೆ ಅದರಲ್ಲಿರೋ ಹಾಲಿನಂಶ ಕಪ್ಪಾಗುತ್ತೆ.

ಸ್ಕ್ರೂಡ್ರೈವರ್:
ನೋಡೋಕೆ ಹೋಗೋದಾದರೆ ನ್ಯೂಜೆರ್ಸಿಯ ಸಮ್ಮಿಟ್ ಊರಿನ ಸಮ್ಮಿಟ್ ಡೈನರ್, 1938ರದು, ಜೆರ್ರಿ ಓಮಾಹೊನಿ ಕಂಪನಿಯದು. ರೋಡ್ ಐಲೆಂಡ್‌ವರೆಗೆ ಹೋಗೋರಿಗೆ ಪಾಟಕೆಟ್‌ನ ಮಾಡರ್ನ್ ಡೈನರ್. ಅದು 'ಸ್ಟರ್ಲಿಂಗ್ ಸ್ಟ್ರೀಮ್‌ಲೈನರ್' ಮಾದರಿ, ಮೂತಿ ಥೇಟ್ ರೈಲು ಎಂಜಿನ್. ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ 1978ರಲ್ಲಿ ಸೇರಿದ ಮೊಟ್ಟಮೊದಲ ಡೈನರ್ ಅದೇ. ಬೋಗಿ ಕಥೆ ನಂಬೋರೆಲ್ಲ ಅದರ ಫೋಟೋನೇ ತೋರಿಸೋದು!